ಕುಟುಂಬದ ಕೈಯಲ್ಲಿ ಆರೈಕೆ ಬಜೆಟ್: ಬೋಧನಾಭ್ಯಾಸದಲ್ಲಿ ನಮ್ಮ ಪಾತ್ರ

ವಿಕಲಚೇತನ ಮಗುವಿನ ಆರೈಕೆಗೆಂದು ಸರ್ಕಾರ ತೆಗೆದಿಡುವ ಹಣವನ್ನು ಎರಡು ರೀತಿಯಲ್ಲಿ ಬಳಸಬಹುದು. ಯಾವ ಸೇವೆ, ಯಾರಿಂದ, ಯಾವಾಗ ಎಂಬುದನ್ನು ಇಲಾಖೆಯೇ ತೀರ್ಮಾನಿಸುವುದು ಒಂದು. ಈ ಮಗುವಿಗೆ ಇಷ್ಟು ಎಂದು ಗೊತ್ತುಪಡಿಸಿ, ಅದನ್ನು ಯಾವುದಕ್ಕೆ ಬಳಸಬೇಕೆಂಬ ತೀರ್ಮಾನವನ್ನು ಮನೆಯವರಿಗೆ ಬಿಡುವುದು ಇನ್ನೊಂದು. ಎರಡನೆಯದನ್ನು ಕುಟುಂಬ ನಿರ್ದೇಶಿತ ಆರೈಕೆ ಬಜೆಟ್ ಎನ್ನಬಹುದು. ಆಸ್ಟ್ರೇಲಿಯಾ 2013ರ ರಾಷ್ಟ್ರೀಯ ಅಂಗವಿಕಲತಾ ವಿಮಾ ಯೋಜನೆ ಕಾಯ್ದೆಯ ಮೂಲಕ ಇದನ್ನು ತಂದಿತು. ಇಂಗ್ಲೆಂಡಿನಲ್ಲಿ 2014ರ ಮಕ್ಕಳ ಮತ್ತು ಕುಟುಂಬಗಳ ಕಾಯ್ದೆಯಡಿ, ಶಿಕ್ಷಣ–ಆರೋಗ್ಯ–ಆರೈಕೆ ಯೋಜನೆಯುಳ್ಳ ಮಗುವಿನ ಪೋಷಕರು ವೈಯಕ್ತಿಕ ಬಜೆಟ್ ಕೇಳಬಹುದು.

ನಮ್ಮಲ್ಲಿ ಅಂಥ ಒಂದೇ ಬಜೆಟ್ ಇಲ್ಲ. ಹಾಗೆಂದು ಹಣವೇ ಇಲ್ಲ ಎಂದಲ್ಲ. ಅದು ಬೇರೆ ಬೇರೆ ಕಚೇರಿಗಳಲ್ಲಿ ತುಂಡು ತುಂಡಾಗಿದೆ. ಪ್ರಶಿಕ್ಷಣಾರ್ಥಿಗಳು ಮೊದಲು ಈ ತುಂಡುಗಳನ್ನು ಗುರುತಿಸಲು ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ.

ಹಣದ ಮೂರು ದಾರಿಗಳು

1. ನೇರವಾಗಿ ಖಾತೆಗೆ ಬರುವುದು. ಕಂದಾಯ ಇಲಾಖೆಯ ಮೂಲಕ ಸಿಗುವ ಅಂಗವಿಕಲರ ಮಾಸಾಶನ ಈ ಬಗೆಯದು. ಮೊತ್ತ ವೈಕಲ್ಯದ ಪ್ರಮಾಣವನ್ನು ಅವಲಂಬಿಸಿದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿಯಂಥ ಸ್ಥಿತಿಯವರನ್ನು ನೋಡಿಕೊಳ್ಳುವ ಆರೈಕೆದಾರರಿಗೆ ತಿಂಗಳಿಗೆ 1,000 ರೂ. ನೀಡುವುದಾಗಿ 2024-25ರ ರಾಜ್ಯ ಬಜೆಟ್ ಘೋಷಿಸಿತು. ಇಂಥ ಹಣವನ್ನು ಹೇಗೆ ಬಳಸಬೇಕೆಂದು ಮನೆಯವರೇ ತೀರ್ಮಾನಿಸುತ್ತಾರೆ.

2. ಮೊದಲು ಖರ್ಚು, ಆಮೇಲೆ ಮರುಪಾವತಿ. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯ ಉಳ್ಳವರಿಗೆ ವರ್ಷಕ್ಕೆ 1 ಲಕ್ಷ ರೂ.ವರೆಗೆ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಎಲ್ಲಿ ಎಂಬ ಆಯ್ಕೆ ಕುಟುಂಬದ್ದು. ಆದರೆ ಮೊದಲು ಕೈಯಿಂದ ಹಣ ಹಾಕಬೇಕು, ಬಿಲ್ಲುಗಳನ್ನು ಜೋಪಾನ ಮಾಡಬೇಕು.

3. ಇಲಾಖೆಯೇ ಖರ್ಚು ಮಾಡುವುದು. ಸಮಗ್ರ ಶಿಕ್ಷಣದ ಸಮನ್ವಯ ಶಿಕ್ಷಣ ಘಟಕದಲ್ಲಿ ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂ.ವರೆಗೆ ಅವಕಾಶವಿದೆ. ಸಾಧನ ಸಲಕರಣೆ, ಸಾರಿಗೆ, ಬೆಂಗಾವಲು ಇವೆಲ್ಲ ಇದರಲ್ಲಿ ಸೇರುತ್ತವೆ. ಇದು ಪೋಷಕರ ಕೈಗೆ ಬರುವ ನಗದಲ್ಲ, ಯೋಜನೆ ತಯಾರಿಸಲು ಇಟ್ಟ ಮಿತಿ. ‘ನನ್ನ ಮಗನ ಮೂರೂವರೆ ಸಾವಿರ ಎಲ್ಲಿ?’ ಎಂದು ತಂದೆಯೊಬ್ಬರು ಕೇಳಿದರೆ ಈ ವ್ಯತ್ಯಾಸವನ್ನು ವಿವರಿಸಲು ಶಿಕ್ಷಕರಿಗೆ ಗೊತ್ತಿರಬೇಕು. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂ.ನಂತೆ 10 ತಿಂಗಳ ಶಿಷ್ಯವೇತನ ಪ್ರತ್ಯೇಕವಾಗಿದೆ.

ಯಾವ ಅಂಕಣದಲ್ಲೂ ಇಲ್ಲದ ಖರ್ಚು

ತರಗತಿಯಲ್ಲಿ ನಾನು ಬಳಸುವ ಒಂದು ಲೆಕ್ಕ ಹೀಗಿದೆ. ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಗುವಿದೆ ಎಂದುಕೊಳ್ಳಿ. ಫಿಸಿಯೋಥೆರಪಿಗೆ ರಾಯಚೂರಿಗೆ ಬರಬೇಕು. ಸರ್ಕಾರಿ ಆಸ್ಪತ್ರೆಯಾದರೆ ಶುಲ್ಕದ ಭಾರ ಕಡಿಮೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಬಸ್ ಉಚಿತ. ಮಗುವಿಗೆ ರಿಯಾಯಿತಿ ಪಾಸ್ ಇದೆ. ಹಾಗಾದರೆ ಖರ್ಚೇನು? ಹತ್ತಿ ಬಿಡಿಸುವ ದಿನಗಳಲ್ಲಿ ತಾಯಂದಿರು ಹೇಳುವ ಉತ್ತರ ಇದು: ‘ಬಸ್ಸಿಗಿ ರೊಕ್ಕ ಇಲ್ಲ ಖರೇರಿ ಸರ್, ಆ ದಿನದ ಕೂಲಿ ಯಾರ್ ಕೊಡ್ತಾರ್ರಿ?’ ಊರಿನಿಂದ ಬಸ್ಸಿನವರೆಗಿನ ಆಟೋ, ಮಧ್ಯಾಹ್ನದ ಊಟ, ತಪ್ಪಿದ ಕೂಲಿ ಇವು ಮೇಲಿನ ಯಾವ ದಾರಿಯಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಚಿಕಿತ್ಸೆ ನಿಲ್ಲುವುದು ಮಾತ್ರ ಇವುಗಳಿಂದಲೇ.

ಮಾನ್ವಿಯ ಶ್ರವಣದೋಷವುಳ್ಳ ಹುಡುಗಿಯ ಲೆಕ್ಕ ಬೇರೆ. ಶಿಬಿರದಲ್ಲಿ ಶ್ರವಣ ಸಾಧನ ಉಚಿತವಾಗಿ ಸಿಕ್ಕರೂ ಮುಂದೆ ಬ್ಯಾಟರಿ ಕೊಳ್ಳಬೇಕು, ಕಿವಿ ಬೆಳೆದಂತೆ ಅಚ್ಚು ಬದಲಿಸಬೇಕು. ಬ್ಯಾಟರಿ ಮುಗಿದ ದಿನ ಆಕೆಗೆ ಪಾಠ ಕೇಳಿಸದು. ಇಬ್ಬರಿಗೂ ಮಿತಿ ಒಂದೇ, ಅಗತ್ಯ ಬೇರೆ ಬೇರೆ. ಅದನ್ನು ಬಲ್ಲವರು ಮನೆಯವರು. ತೀರ್ಮಾನ ಅವರದಾಗಬೇಕು ಎಂಬ ವಾದಕ್ಕೆ ಇದೇ ಆಧಾರ.

ಎಚ್ಚರಿಕೆಗಳೂ ಬೇಕು. ಹತ್ತಿರದಲ್ಲಿ ಥೆರಪಿಸ್ಟರೇ ಇಲ್ಲದಿದ್ದರೆ ಕೈಯಲ್ಲಿ ಹಣವಿದ್ದೂ ಆಯ್ಕೆಯಿಲ್ಲ. ಅರ್ಜಿ, ಬಿಲ್ಲು, ಓಡಾಟದ ಹೊರೆ ಹೆಚ್ಚಾಗಿ ತಾಯಿಯ ಮೇಲೆಯೇ ಬೀಳುತ್ತದೆ. ಕುಟುಂಬ ಗುಳೆ ಹೋದರೆ ಅಜ್ಜಿಯ ಬಳಿ ಉಳಿದ ಮಗುವಿನ ಪರವಾಗಿ ತೀರ್ಮಾನಿಸುವವರು ಯಾರು? ಬಜೆಟ್ ಕೊಡುವುದೆಂದರೆ ಇಲಾಖೆ ತನ್ನ ಜವಾಬ್ದಾರಿಯಿಂದ ಕೈ ತೊಳೆದುಕೊಳ್ಳುವುದಲ್ಲ.

ಪ್ರಶಿಕ್ಷಣಾರ್ಥಿಗಳು ಮಾಡಬಹುದಾದದ್ದು

ಬೋಧನಾಭ್ಯಾಸದ ಶಾಲೆಯಲ್ಲಿ ವಿಶೇಷ ಅಗತ್ಯವುಳ್ಳ ಮಗುವಿದ್ದರೆ, ವೈಯಕ್ತಿಕ ಶಿಕ್ಷಣ ಯೋಜನೆ ಬರೆಯುವ ಮುನ್ನ ಪೋಷಕರ ಒಪ್ಪಿಗೆ ಪಡೆದು, ಅವರೊಂದಿಗೆ ಕುಳಿತು ಒಂದು ಪುಟದ ಹಾಳೆ ತುಂಬಿ. ನಾಲ್ಕು ಅಂಕಣ ಸಾಕು: ಮಗುವಿಗೆ ಏನು ಬೇಕು, ಈಗ ಯಾರು ಕೊಡುತ್ತಿದ್ದಾರೆ, ಮನೆಯಿಂದ ಎಷ್ಟು ಹೋಗುತ್ತಿದೆ, ಮೊದಲು ಯಾವುದು ಆಗಬೇಕು. ನಾಲ್ಕನೆಯ ಅಂಕಣವನ್ನು ಪೋಷಕರೇ ಹೇಳಲಿ; ನೀವು ಬರೆದುಕೊಳ್ಳಿ. ಮಾತನಾಡಬಲ್ಲ ಮಗುವಾದರೆ ಅದನ್ನೂ ಕೇಳಿ.

ಆ ಹಾಳೆಯನ್ನು ಪೋಷಕರೊಂದಿಗೆ ಬಿ.ಆರ್.ಸಿ.ಯ ಬಿ.ಐ.ಇ.ಆರ್.ಟಿ. ಶಿಕ್ಷಕರಿಗೆ ತೋರಿಸಿ. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ವಿಕಲಚೇತನರ ಕಲ್ಯಾಣಕ್ಕೆ ಗ್ರಾಮ ಪಂಚಾಯಿತಿ ಶೇ 5ರಷ್ಟು ಅನುದಾನ ಮೀಸಲಿಡಬೇಕು; ಆಟೋ ಖರ್ಚು, ಬ್ಯಾಟರಿಯಂಥ ಬೇಡಿಕೆಯನ್ನು ಅಲ್ಲಿ ಲಿಖಿತವಾಗಿ ಇಡಬಹುದು.

ಕಾನೂನಿನ ಎರಡು ಅಂಶಗಳು ನೆನಪಿರಲಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಂತೆ ಶೇ 40 ಅಥವಾ ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ತೀವ್ರ ಅಥವಾ ಬಹುವಿಧ ವೈಕಲ್ಯವುಳ್ಳ ಮಗುವಿಗೆ ಗೃಹಾಧಾರಿತ ಶಿಕ್ಷಣದ ಆಯ್ಕೆ ಕೊಟ್ಟಿದೆ. ಆ ಆಯ್ಕೆ ಮಗುವಿನದು. ‘ಮನೆಯಲ್ಲೇ ಇರಲಿ’ ಎಂದು ಶಾಲೆ ತೀರ್ಮಾನಿಸುವಂತಿಲ್ಲ. ಹಣದ ವಿಷಯದಲ್ಲಿ ಕಾನೂನು ಇನ್ನೂ ಅಷ್ಟು ಸ್ಪಷ್ಟವಾಗಿ ಕುಟುಂಬದ ಕಡೆ ನಿಂತಿಲ್ಲ. ಅಲ್ಲಿಯವರೆಗೆ ಪೋಷಕರ ಆದ್ಯತೆಯನ್ನು ಕಾಗದದ ಮೇಲೆ ತಂದು ಸಂಬಂಧಿಸಿದ ಕಚೇರಿಗೆ ಮುಟ್ಟಿಸುವುದು ಶಿಕ್ಷಕರ ಕೆಲಸದ ಭಾಗವೇ.