ಬೆನ್ನು ಹಾಕಿ ಕೂತವರ ಸಂಗೀತ

ಆಗಸ್ಟ್ ತಿಂಗಳಲ್ಲಿ ಒಂದು ವಾರ ಐರ್ಲೆಂಡಿನ ಯಾವುದಾದರೂ ಒಂದು ಊರು ತನ್ನ ಶಾಲೆ, ಬೀದಿ, ಪಬ್ಬುಗಳನ್ನೆಲ್ಲ ಸಂಗೀತಕ್ಕೆ ಬಿಟ್ಟುಕೊಡುತ್ತದೆ. ಹಬ್ಬದ ಹೆಸರು 'ಫ್ಲಾ ಖ್ಯೋಲ್'. ಐರಿಷ್ ಭಾಷೆಯಲ್ಲಿ ಫ್ಲಾ ಎಂದರೆ ಔತಣ, ಖ್ಯೋಲ್ ಎಂದರೆ ಸಂಗೀತದ. ಒಟ್ಟಿಗೆ ಹೇಳಿದರೆ ಸಂಗೀತದ ಹಬ್ಬದೂಟ. 2024 ಮತ್ತು 2025ರಲ್ಲಿ ಅದು ನಡೆದದ್ದು ವೆಕ್ಸ್‌ಫರ್ಡ್‌ನಲ್ಲಿ. ಊರಿನ ಜನಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸು, ಹಬ್ಬಕ್ಕೆ ಬಂದು ಹೋಗುವವರು ಲಕ್ಷಗಟ್ಟಲೆ. ಬೀದಿಯ ತಿರುವಿನಲ್ಲಿ ಟೋಪಿ ಮಗುಚಿಟ್ಟುಕೊಂಡು ಹತ್ತು ವರ್ಷದ ಹುಡುಗಿಯೊಬ್ಬಳು ಕಾನ್ಸರ್ಟೀನಾ ನುಡಿಸುತ್ತಿರುತ್ತಾಳೆ. ಇಪ್ಪತ್ತು ಹೆಜ್ಜೆ ಮುಂದೆ ಹೋದರೆ ಇನ್ನೊಬ್ಬ ಹುಡುಗ, ಇನ್ನೊಂದು ಪಿಟೀಲು.

ಬಯಲಲ್ಲಿ ದೊಡ್ಡ ವೇದಿಕೆ ಹಾಕಿ ದೀಪ, ಮೈಕು ಎಲ್ಲ ಜೋಡಿಸಿರುತ್ತಾರೆ. ಆದರೆ ಈ ಸಂಗೀತದ ರುಚಿ ಹತ್ತಿದವರು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವರು ಹುಡುಕಿಕೊಂಡು ಹೋಗುವುದು ಪಬ್ಬಿನ ಹಿಂದಿನ ಮೂಲೆಯನ್ನು. ಅಲ್ಲಿ ಐದಾರು ಕುರ್ಚಿ, ನಡುವೆ ಪುಟ್ಟ ಮೇಜು, ಮೇಜಿನ ತುಂಬ ಗ್ಲಾಸು. ಪಿಟೀಲು, ಕೊಳಲು, ತಗಡಿನ ಪೀಪಿ, ಬ್ಯಾಂಜೊ ಹಿಡಿದವರು ಒಬ್ಬರಿಗೊಬ್ಬರು ಮುಖ ಕೊಟ್ಟು ಕೂತಿರುತ್ತಾರೆ. ಕೇಳಲು ಬಂದ ನಮಗೆ ಕಾಣುವುದು ಅವರ ಬೆನ್ನು. ಇದಕ್ಕೆ ಸೆಷನ್ ಎನ್ನುತ್ತಾರೆ. ಕಛೇರಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತು ತಲೆದೂಗಿ ಅಭ್ಯಾಸವಾದವರಿಗೆ ಮೊದಲು ಸ್ವಲ್ಪ ಕಸಿವಿಸಿಯಾಗುತ್ತದೆ. ನಮ್ಮಲ್ಲಿ ಇದಕ್ಕೆ ಹತ್ತಿರದ್ದೆಂದರೆ ಶನಿವಾರ ರಾತ್ರಿ ಹನುಮಂತನ ಗುಡಿಯಲ್ಲಿ ನಡೆಯುವ ಭಜನೆ. ಅಲ್ಲಿಯೂ ಸುತ್ತ ಕೂತವರು ಹಾಡುವುದು ತಮಗಾಗಿ. ಹೊರಗಿನವನು ಬಂದರೆ ಜಗಲಿಯ ಮೇಲೆ ಜಾಗವಿದೆ, ಆದರೆ ಅವನಿಗೋಸ್ಕರ ಯಾರೂ ತಿರುಗಿ ಕೂರುವುದಿಲ್ಲ.

ಹಾಗೆಂದು ಸೆಷನ್‌ಗೆ ಕಟ್ಟುಪಾಡಿಲ್ಲ ಎಂದುಕೊಳ್ಳಬಾರದು. ನುಡಿಸುವ ಮಟ್ಟುಗಳು ಬಹುಪಾಲು ಕುಣಿತದವು. ಎಂಟು ಮಾತ್ರೆಗಣಗಳ ಒಂದು ಭಾಗವನ್ನು ಎರಡು ಸಲ, ಇನ್ನೊಂದು ಭಾಗವನ್ನು ಎರಡು ಸಲ ನುಡಿಸಿದರೆ ಒಂದು ಸುತ್ತು. ಎರಡೋ ಮೂರೋ ಸುತ್ತು ಮುಗಿಯುತ್ತಿದ್ದಂತೆ ಆರಂಭಿಸಿದಾತ ಹುಬ್ಬು ಹಾರಿಸುತ್ತಾನೆ, ಅಥವಾ 'ಹಪ್' ಎಂದು ಕೂಗುತ್ತಾನೆ. ನಡುವೆ ಉಸಿರೂ ಬಿಡದೆ ಇಡೀ ಮೇಜು ಬೇರೆ ಮಟ್ಟಿಗೆ ಹೊರಳಿಕೊಳ್ಳುತ್ತದೆ. ಆ ಹೊರಳುವ ಗಳಿಗೆಯಲ್ಲಿ ಮೈ ಜುಮ್ಮೆನ್ನುತ್ತದೆ. ಎಲ್ಲರೂ ನುಡಿಸುವುದು ಒಂದೇ ಮಟ್ಟು. ಕುಸುರಿ ಮಾತ್ರ ಅವರವರದು. ಜಿಗ್ ಎಂಬುದು ಮೂರು ಮೂರು ಅಕ್ಷರವಾಗಿ ನಡೆಯುತ್ತದೆ, ನಮ್ಮ ತಿಸ್ರದ ಹಾಗೆ. ರೀಲ್ ನಾಲ್ಕರ ಓಟ. ಸ್ಲಿಪ್ ಜಿಗ್ ಒಂಬತ್ತರದ್ದು, ಆದರೆ ಸಂಕೀರ್ಣ ನಡೆಯಲ್ಲ, ಮೂರರ ಮೂರು ಮಡಿಕೆ ಅಷ್ಟೆ. ಮೇಕೆಯ ಚರ್ಮ ಬಿಗಿದ, ತಮಟೆಯಂಥ ವಾದ್ಯ ಬೌರಾನ್. ಒಂದು ಮೇಜಿಗೆ ಅದು ಒಂದಿದ್ದರೆ ಸಾಕು ಎಂಬುದು ಅಲಿಖಿತ ನಿಯಮ. ಬೌರಾನ್ ನುಡಿಸಲು ತಕ್ಕ ಸಾಧನ ಪೆನ್ನುಚಾಕು ಎಂಬ ಹಳೆಯ ಕುಚೋದ್ಯವನ್ನು ಅದನ್ನು ಬಾರಿಸುವವರೂ ಹೇಳಿಕೊಂಡು ನಗುತ್ತಾರೆ.

ನನಗೆ ಎಲ್ಲಕ್ಕಿಂತ ಅಚ್ಚರಿಯೆನಿಸುವುದು 'ಇಲ್ಲನ್ ಪೈಪ್' ಎಂಬ ಚೀಲವಾದ್ಯ. ಇಲ್ಲನ್ ಎಂದರೆ ಮೊಣಕೈ. ಬಾಯಲ್ಲಿ ಊದುವ ಕೆಲಸವಿಲ್ಲ; ಒಂದು ಕಂಕುಳಲ್ಲಿ ಪುಟ್ಟ ತಿದಿ, ಇನ್ನೊಂದು ಕಂಕುಳಲ್ಲಿ ಗಾಳಿಚೀಲ. ಬೆರಳು ಸ್ವರ ಹಿಡಿದರೆ ಶ್ರುತಿಯ ಕೊಳವೆಗಳು ಒಂದೇ ಸಮನೆ ಮೊರೆಯುತ್ತವೆ, ನಡುನಡುವೆ ಮಣಿಕಟ್ಟಿನಿಂದ ಕೀಲಿ ಒತ್ತಿ ಜೊತೆಸ್ವರ ಸೇರಿಸಬೇಕು. ಏಳು ವರ್ಷ ಕಲಿಕೆ, ಏಳು ವರ್ಷ ಸಾಧನೆ, ಇನ್ನೇಳು ವರ್ಷ ನುಡಿಸಾಣಿಕೆ, ಆಮೇಲೆ ಅವನನ್ನು ಪೈಪರ್ ಅನ್ನಬಹುದಂತೆ. 2017ರಲ್ಲಿ ಯುನೆಸ್ಕೋ ಈ ವಾದನವನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಪಬ್ಬಿನ ಸೆಷನ್ ಅನಾದಿ ಕಾಲದ್ದು ಎಂದು ಪ್ರವಾಸಿಗಳು ನಂಬುತ್ತಾರೆ. ಹಾಗೇನಿಲ್ಲ. ಎರಡನೆಯ ಮಹಾಯುದ್ಧದ ನಂತರ ಲಂಡನ್ನಿಗೆ ಕೂಲಿಗೆ ಹೋದ ಐರಿಷ್ ಗಂಡಸರಿಗೆ ಇದ್ದುದು ಬಾಡಿಗೆಯ ಇಕ್ಕಟ್ಟು ಕೋಣೆ. ಪಿಟೀಲು ತೆಗೆಯಬೇಕೆಂದರೆ ಪಬ್ಬಿಗೇ ಹೋಗಬೇಕಾಗಿತ್ತು. ಅಲ್ಲಿ ಗಟ್ಟಿಯಾದ ರೂಢಿ ತವರಿಗೆ ಬಂತು. ಅದಕ್ಕೂ ಹಿಂದೆ ಈ ಸಂಗೀತದ ಜಾಗ ಹಳ್ಳಿಮನೆಯ ಅಡುಗೆಮನೆ, ಅದರ ಕೆಲಸ ಕುಣಿಸುವುದು. ಸಂಜೆ ನೆರೆಮನೆಗೆ ಹೋಗಿ ಹರಟಿ ಬರುವುದಕ್ಕೆ ಐರಿಷ್‌ನಲ್ಲಿ 'ಕೇಲಿ' ಎನ್ನುತ್ತಾರೆ. ಈಗ ಗುಂಪು ಕುಣಿತದ ಕೂಟಕ್ಕೂ ಅದೇ ಹೆಸರು. (ಯಕ್ಷಗಾನದವರು ಆಟ ಇದೆಯೆಂದು ಊರಿಗೆ ಸಾರಲು ಸಂಜೆ ಚೆಂಡೆ ಮದ್ದಳೆ ಬಾರಿಸುವುದಕ್ಕೆ 'ಕೇಳಿ' ಎನ್ನುತ್ತಾರೆ. ಎರಡು ಮಾತಿಗೂ ನಂಟಿಲ್ಲ, ಕಿವಿಗೆ ಮಾತ್ರ ಖುಷಿ.) ಮಣ್ಣಿನ ನೆಲದಲ್ಲಿ ಹೆಜ್ಜೆಯ ಸದ್ದು ಸತ್ತುಹೋಗುತ್ತದೆಂದು ಬಾಗಿಲನ್ನೇ ಕೀಲಿನಿಂದ ಕಳಚಿ ಕೆಳಗೆ ಹಾಸಿ ಅದರ ಮೇಲೆ ಕುಣಿಯುತ್ತಿದ್ದರು. ಅನುಕೂಲಸ್ಥರ ಮನೆಯಲ್ಲಿ ಹಾಸುಗಲ್ಲಿನ ಕೆಳಗೆ ಸದ್ದು ಮೊಳಗಲೆಂದು ಕುದುರೆಯ ತಲೆಬುರುಡೆ ಹೂಳುತ್ತಿದ್ದರೆಂಬ ಮಾತೂ ಉಂಟು. ಗೆಜ್ಜೆ ಕಟ್ಟುವ ನಾವು ಕಾಲಿಗೆ ವಾದ್ಯ ಕೊಟ್ಟೆವು; ಇವರು ನೆಲವನ್ನೇ ವಾದ್ಯ ಮಾಡಿಕೊಂಡರು.

ಈ ಅಡುಗೆಮನೆಯ ಕುಣಿತಕ್ಕೆ ಏಟು ಬಿದ್ದದ್ದು ಪರಕೀಯರ ಆಳ್ವಿಕೆಯಲ್ಲಿ ಅಲ್ಲ, ಸ್ವತಂತ್ರ ಸರ್ಕಾರದ ಕೈಯಿಂದ. ಗಂಡು ಹೆಣ್ಣು ಕತ್ತಲಲ್ಲಿ ಕೂಡಿ ಕುಣಿಯುವುದು ಪಾದ್ರಿಗಳಿಗೆ ಹಿಡಿಸುತ್ತಿರಲಿಲ್ಲ. 1935ರ ಸಾರ್ವಜನಿಕ ನೃತ್ಯಶಾಲೆಗಳ ಕಾಯ್ದೆ ಕುಣಿತಕ್ಕೆ ಪರವಾನಗಿ ಬೇಕೆಂದಿತು. ಕಾಯ್ದೆಯ ಮಾತಿಗಿಂತ ಅದನ್ನು ಹಿಡಿದುಕೊಂಡು ಪಾದ್ರಿ, ಪೊಲೀಸರು ನಡೆಸಿದ ದರ್ಬಾರೇ ಹೆಚ್ಚಾಗಿ ಮನೆಯ ಕುಣಿತವನ್ನೂ ಕೂಡುರಸ್ತೆಯ ಕುಣಿತವನ್ನೂ ಅಡಗಿಸಿತು. ಕುಣಿತ ಹಾಲಿಗೆ ಹೋಯಿತು. ಹಾಲು ದೊಡ್ಡದು, ಒಂದು ಪಿಟೀಲು ಸಾಲದು. ಪಿಯಾನೊ, ಡ್ರಮ್ಮು ಸೇರಿದ ಕೇಲಿ ಬ್ಯಾಂಡುಗಳು ಬೆಳೆದವು.

1951ರಲ್ಲಿ ಮಲ್ಲಿಂಗಾರ್ ಎಂಬ ಊರಿನಲ್ಲಿ ಮೊದಲ ಫ್ಲಾ ನಡೆದದ್ದು ಇಂಥ ಹೊತ್ತಿನಲ್ಲಿ. ಹಳೆಯ ವಾದಕರ ನುಡಿಸಾಣಿಕೆಯನ್ನು 'ಹಳ್ಳಿಗಮಾರರ ಗೀಚಾಟ' ಎಂಬಂತೆ ಪೇಟೆ ನೋಡುತ್ತಿದ್ದ ಕಾಲ. ಅದೇ ವರ್ಷ ಹುಟ್ಟಿದ ಕೋಲ್ತಸ್ ಸಂಸ್ಥೆ ಸ್ಪರ್ಧೆಯ ನೆಪದಲ್ಲಿ ಅವರನ್ನೆಲ್ಲ ಒಂದೆಡೆ ಸೇರಿಸಿತು. ಇಂದಿಗೂ ಕೌಂಟಿಯಲ್ಲಿ ಗೆದ್ದು, ಪ್ರಾಂತ್ಯದಲ್ಲಿ ಗೆದ್ದು ಬಂದವರಿಗಷ್ಟೇ ಅಂತಿಮ ಸುತ್ತು. ಪಿಟೀಲು, ಹಾರ್ಪ್, ಹಾಡುಗಾರಿಕೆಯ ಜೊತೆಗೆ ಸಿಳ್ಳೆಗೂ ಸ್ಪರ್ಧೆಯಿದೆ. ವಾದ್ಯವಿಲ್ಲದೆ ಬಾಯಲ್ಲೇ ಮಟ್ಟು ಹೇಳುವ ಲಿಲ್ಟಿಂಗ್‌ಗೂ ಇದೆ. ಜನ ಮುಗಿಬೀಳುವುದು ಮಾತ್ರ ಕೇಲಿ ಬ್ಯಾಂಡುಗಳ ಅಂತಿಮ ಸುತ್ತಿಗೆ. ಕ್ಲೇರ್ ಕೌಂಟಿಯ ಕಿಲ್‌ಫೆನೋರಾ ಬ್ಯಾಂಡು 1954, 55, 56ರಲ್ಲಿ ಸತತ ಗೆದ್ದಿತು. ಅದೇ ಕೌಂಟಿಯ ಟಲ್ಲ ಬ್ಯಾಂಡಿಗೂ ಅದಕ್ಕೂ ಇದ್ದ ಜಿದ್ದನ್ನು ಅಲ್ಲಿಯವರು ಇವತ್ತಿಗೂ ಎರಡು ಊರಿನ ಜಾತ್ರೆಯ ಜಗಳದಂತೆ ಚಪ್ಪರಿಸಿ ಹೇಳುತ್ತಾರೆ.

ಉಳಿದ ಅರ್ಧ ಕಥೆ ನಡೆದದ್ದು ಅಮೆರಿಕದಲ್ಲಿ. ಕಾರ್ಕ್ ಕೌಂಟಿಯಲ್ಲಿ ಹುಟ್ಟಿ ಶಿಕಾಗೊ ಪೊಲೀಸ್ ಮುಖ್ಯಸ್ಥನಾದ ಫ್ರಾನ್ಸಿಸ್ ಓನೀಲ್‌ಗೆ ಸ್ವರ ಬರೆಯಲು ಬರುತ್ತಿರಲಿಲ್ಲ. ನೆನಪಿನಿಂದ ನುಡಿಸಿ, ಇಲಾಖೆಯ ಸಹೋದ್ಯೋಗಿಯೊಬ್ಬರ ಕೈಲಿ ಬರೆಸಿ, 1903ರಲ್ಲಿ 1,850 ಮಟ್ಟುಗಳ ಸಂಪುಟ ತಂದ. ಸ್ಲೈಗೊದಿಂದ ನ್ಯೂಯಾರ್ಕಿಗೆ ಹೋದ ಮೈಕಲ್ ಕೋಲ್‌ಮನ್ 1920ರ ದಶಕದಲ್ಲಿ ನುಡಿಸಿದ ಗ್ರಾಮಫೋನ್ ತಟ್ಟೆಗಳು ಹಡಗೇರಿ ಊರಿಗೆ ಬಂದವು. ಎಲ್ಲರೂ ಅವನಂತೆ ನುಡಿಸಹೊರಟು ಎಷ್ಟೋ ಊರುಗಳ ಸ್ವಂತ ಬಾನಿ ಮಸುಕಾಯಿತು. ಉಳಿಸಿದ್ದೂ ಅದೇ ತಟ್ಟೆ, ಅಳಿಸಿದ್ದೂ ಅದೇ ತಟ್ಟೆ. ಮಟ್ಟುಗಳ ಅಲೆದಾಟಕ್ಕೆ ನಮ್ಮ ಕಡೆಯದೇ ಒಂದು ಸಾಕ್ಷಿ: ಮುತ್ತುಸ್ವಾಮಿ ದೀಕ್ಷಿತರು ಆಂಗ್ಲರ ಬ್ಯಾಂಡಿನಿಂದ ಕೇಳಿದ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹಚ್ಚಿದರಲ್ಲ, ಆ ನೋಟುಸ್ವರಗಳಲ್ಲಿ 'ವಂದೇ ಮೀನಾಕ್ಷಿ'ಯ ಮಟ್ಟು ಕಾರ್ಕ್ ಕೌಂಟಿಯ ಮ್ಯಾಲೊ ಊರಿನ ಪುಂಡರ ಹೆಸರಿನ ಕುಣಿತದ್ದು.

1994ರ ಏಪ್ರಿಲ್ 30ರಂದು ಡಬ್ಲಿನ್ನಿನಲ್ಲಿ ನಡೆದ ಯೂರೋವಿಷನ್ ಗಾಯನ ಸ್ಪರ್ಧೆಯ ಬಿಡುವಿನಲ್ಲಿ ಏಳು ನಿಮಿಷದ ಒಂದು ಕುಣಿತವಿತ್ತು: ರಿವರ್‌ಡ್ಯಾನ್ಸ್. ಬಿಲ್ ವೀಲನ್ ಅವರ ಸಂಗೀತ. ಮುಂದೆ ನಿಂತವರು ಮೈಕಲ್ ಫ್ಲಾಟ್ಲಿ, ಜೀನ್ ಬಟ್ಲರ್, ಇಬ್ಬರೂ ಅಮೆರಿಕದಲ್ಲಿ ಹುಟ್ಟಿದವರು. ಕೈಗಳನ್ನು ಪಕ್ಕಕ್ಕೆ ಬಿಗಿದು ಕಾಲಲ್ಲಿ ಮಾತ್ರ ಕುಣಿಯುವ ಸ್ಪರ್ಧೆಯ ಸ್ಟೆಪ್ ನೃತ್ಯದಲ್ಲಿ ಫ್ಲಾಟ್ಲಿ ತೋಳು ಬಿಚ್ಚಿಬಿಟ್ಟ. ಅಂದಿನಿಂದ ಜಗತ್ತಿಗೆ ಐರಿಷ್ ನೃತ್ಯವೆಂದರೆ ಸಾಲಾಗಿ ನಿಂತ ಹಲವಾರು ಜೋಡಿ ಕಾಲು, ಎದುರಿಗೆ ಸಾವಿರಾರು ಪ್ರೇಕ್ಷಕರು. ಅದನ್ನು ನಾನು ಅಲ್ಲಗಳೆಯುವುದಿಲ್ಲ, ಆ ಕಾಲ್ಸದ್ದಿಗೆ ಎದೆ ಬಡಿದುಕೊಳ್ಳದವರು ಅಪರೂಪ. ಆದರೆ ಸ್ಪರ್ಧೆಯ ಪುಟ್ಟ ಹುಡುಗಿಯರ ತಲೆಗೆ ಹೊರಿಸುವ ಗುಂಗುರು ಟೋಪನ್ನು, ಅವರ ಮಿರುಗುವ ಉಡುಪನ್ನು ಕಂಡಾಗ ಅಯ್ಯೋ ಎನಿಸುವುದೂ ನಿಜ. ಫ್ಲಾಟ್ಲಿ ಫ್ಲಾದಲ್ಲಿ ಕೊಳಲು ನುಡಿಸಿ ಬಹುಮಾನ ಗೆದ್ದಿದ್ದವನು ಎಂಬುದು ಹಲವರಿಗೆ ತಿಳಿದಿಲ್ಲ.

ಇದಕ್ಕೆ ತದ್ವಿರುದ್ಧ ಕಾನೆಮಾರಾ ಸೀಮೆಯ 'ಶಾನ್ ನೋಸ್' ಕುಣಿತ. ಶಾನ್ ನೋಸ್ ಎಂದರೆ ಹಳೆಯ ರೀತಿ. ತೋಳು ಸಡಿಲ, ಕಾಲು ನೆಲ ಬಿಟ್ಟು ಮೇಲೇಳುವುದು ಕಡಿಮೆ, ಹೆಜ್ಜೆ ಮೊದಲೇ ಹೊಂದಿಸಿದ್ದಲ್ಲ. ಸೆಷನ್ ಕಾವೇರಿದಾಗ ಯಾರೋ ಅಜ್ಜ ಗ್ಲಾಸು ಕೆಳಗಿಟ್ಟು ಎದ್ದು ನಿಲ್ಲುತ್ತಾನೆ. ಎರಡಡಿ ಜಾಗ ಸಾಕು. ಪಿಟೀಲಿನವನು ಆಗ ಮೊದಲ ಬಾರಿಗೆ ಮೇಜಿನಿಂದ ಮುಖವೆತ್ತಿ ನೋಡುತ್ತಾನೆ, ನೋಡುವುದು ಅಜ್ಜನ ಬೂಟನ್ನು.

ರಾತ್ರಿ ಜಾರಿದಂತೆ ಇದೇ ಹೆಸರಿನ ಹಾಡೂ ಬರುತ್ತದೆ. ಯಾರಾದರೊಬ್ಬರಿಗೆ ಹಾಡೆಂದು ಕೇಳುತ್ತಾರೆ, ಆಕೆ ಎರಡು ಸಲ ಒಲ್ಲೆನ್ನುತ್ತಾಳೆ, ಮೂರನೆಯ ಸಲ ಕಣ್ಣು ಮುಚ್ಚುತ್ತಾಳೆ. ವಾದ್ಯವಿಲ್ಲ, ತಾಳವಿಲ್ಲ, ಶ್ರುತಿಪೆಟ್ಟಿಗೆಯೂ ಇಲ್ಲ. ಪಬ್ಬಿನ ಗಲಾಟೆ ತಾನಾಗಿ ಇಳಿಯುತ್ತದೆ. ಪಕ್ಕದಲ್ಲಿ ಕೂತವರು ಹಾಡುವಾಕೆಯ ಕೈಹಿಡಿದು ಹಾಡಿನ ಏರಿಳಿತಕ್ಕೆ ಮೆಲ್ಲಗೆ ತಿರುವುತ್ತಾರೆ, ಬಾವಿಯ ರಾಟೆ ತಿರುವಿದ ಹಾಗೆ. ಕೊನೆಯ ಸಾಲಿಗೆ ಬಂದಾಗ ಆಕೆ ಹಾಡುವುದನ್ನು ಬಿಟ್ಟು ಉಳಿದ ಮೂರು ನಾಲ್ಕು ಮಾತನ್ನು ಬರಿದೇ ಆಡಿಬಿಡುತ್ತಾಳೆ, ನೀರು ಕೊಡಿ ಅನ್ನುವಷ್ಟೇ ಸಾದಾ ದನಿಯಲ್ಲಿ.