ಪಾತಾಳಕ್ಕೆ ಇಳಿದ ಆರು ಮಂದಿ

ಇಟಾಸ್ಕಾದಿಂದ ದಕ್ಷಿಣಕ್ಕೆ ಕಾರಿನಲ್ಲಿ ಸುಮಾರು ಎರಡೂವರೆ ಗಂಟೆ ಸಾಗಿದರೆ ಅರ್ಬಾನಾ. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಲೆಂದು 1960ರಲ್ಲಿ ಹುಟ್ಟಿದ ‘ಪ್ಲೇಟೊ’ ಗಣಕ ವ್ಯವಸ್ಥೆಯಲ್ಲಿ, 1975ರ ಹೊತ್ತಿಗೆ ಪಾತಾಳಗುಹೆಗಳ ಆಟಗಳೂ ಹುಟ್ಟಿಕೊಂಡವು. (ಪಾಠಕ್ಕಿಂತ ಆಟ ರುಚಿಯೆಂಬುದು ಸರ್ವದೇಶಗಳ ವಿದ್ಯಾರ್ಥಿಗಳ ಮತ!) ಅವುಗಳ ಪ್ರೇರಣೆಯಿಂದ ಗ್ರೀನ್‌ಬರ್ಗ್ ಮತ್ತು ವುಡ್‌ಹೆಡ್ ಎಂಬಿಬ್ಬರು 1981ರಲ್ಲಿ ಆಪಲ್ 2 ಗಣಕಕ್ಕೆ ‘ವಿಜರ್ಡ್ರಿ’ಯನ್ನು ರಚಿಸಿದರು. ಒಟ್ಟು 10 ಅಂತಸ್ತುಗಳ ಚಕ್ರವ್ಯೂಹ. ನಕ್ಷೆಯನ್ನು ಆಡುವವರೇ ಚೌಕಳಿ ಕಾಗದದ ಮೇಲೆ ಗುರುತಿಸಿಕೊಳ್ಳಬೇಕು. ಅಭಿಮನ್ಯುವಿನಂತೆ ಒಳಹೊಗಬಹುದು, ಹೊರಬರುವುದೇ ದುಸ್ತರ. ನಮ್ಮ ತಂಡದ ಆರು ಮಂದಿಯೂ ಮಡಿದರೆ ಆ ಸಾವು ಒಡನೆಯೇ ಡಿಸ್ಕಿನಲ್ಲಿ ದಾಖಲಾಗುತ್ತದೆ. ನಾವು ಹೊಸ ತಂಡ ಕಟ್ಟಿ, ಅದೇ ಕತ್ತಲೆಗಿಳಿದು ಶವಗಳನ್ನು ಹೊತ್ತು ತರಬೇಕು. ದೇಗುಲದ ಜೀವದಾನ ಫಲಿಸದಿದ್ದರೆ ದೇಹ ಬೂದಿ. ಮತ್ತೊಮ್ಮೆ ತಪ್ಪಿದರೆ ಆ ವೀರನು ಶಾಶ್ವತವಾಗಿ ಇಲ್ಲ.