ಗಣಕೀಕೃತ ಭೂ ದಾಖಲೆಗಳು: ಪಹಣಿ ಪಡೆಯುವವರು ಗಮನಿಸಬೇಕಾದ ಅಂಶಗಳು

ಕರ್ನಾಟಕದಲ್ಲಿ ಹಕ್ಕು, ಗೇಣಿ ಮತ್ತು ಪಹಣಿ ಪತ್ರಿಕೆಯನ್ನು ಹಿಂದೆ ಗ್ರಾಮ ಲೆಕ್ಕಿಗರು ಕೈಬರಹದಲ್ಲಿ ನಿರ್ವಹಿಸುತ್ತಿದ್ದರು. ದಾಖಲೆಯು ಅವರ ವಶದಲ್ಲಿರುತ್ತಿದ್ದುದರಿಂದ ಅವರು ಲಭ್ಯರಿದ್ದಾಗ ಮಾತ್ರ ನಕಲು ದೊರೆಯುತ್ತಿತ್ತು. ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, ಕೈಬರಹದ ಪಹಣಿ ವಿತರಣೆಯನ್ನು ನಿಲ್ಲಿಸಲಾಯಿತು.

ಇಷ್ಟು ಬೃಹತ್ ಪ್ರಮಾಣದ ದತ್ತಾಂಶದ ನಿರ್ವಹಣಾ ಕ್ರಮವೂ ಬದಲಾಗುತ್ತಾ ಬಂದಿದೆ. ಆರಂಭದಲ್ಲಿ ಆಯಾ ತಾಲ್ಲೂಕಿನ ದತ್ತಾಂಶವು ಆಯಾ ತಾಲ್ಲೂಕು ಕಚೇರಿಯ ಗಣಕಯಂತ್ರದಲ್ಲಿಯೇ ಇರುತ್ತಿತ್ತು. ನಂತರ ಅದನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಗ್ಗೂಡಿಸಲಾಯಿತು. ಇಲಾಖೆಗಳ ದತ್ತಾಂಶವನ್ನು ಪರಸ್ಪರ ಜೋಡಿಸುವುದು ಈಚಿನ ಕ್ರಮ. ಉಪನೋಂದಣಿ ಕಚೇರಿಯ ಕಾವೇರಿ ಮತ್ತು ಭೂಮಾಪನ ಇಲಾಖೆಯ ಮೋಜಿಣಿ ತಂತ್ರಾಂಶಗಳು ಭೂಮಿಯೊಂದಿಗೆ ಜೋಡಣೆಯಾಗಿವೆ. ಕ್ರಯಪತ್ರ ನೋಂದಣಿಯಾದಾಗ ಹಕ್ಕು ಬದಲಾವಣೆಗೆ ಅಗತ್ಯವಾದ ಮಾಹಿತಿಯು ನೇರವಾಗಿ ರವಾನೆಯಾಗುತ್ತದೆ. ಆದರೆ ಖಾತೆದಾರರು ಮೃತಪಟ್ಟಲ್ಲಿ ಯಾವ ಪತ್ರವೂ ನೋಂದಣಿಯಾಗುವುದಿಲ್ಲ. ವಾರಸುದಾರರು ಪೌತಿ ಖಾತೆಗೆ ಅರ್ಜಿ ಸಲ್ಲಿಸದೆ ಉಳಿದ ಎಷ್ಟೋ ಜಮೀನುಗಳಲ್ಲಿ ಮೃತರ ಹೆಸರೇ ಮುಂದುವರಿಯುತ್ತಿದೆ.

ಜೋಡಣೆಯ ಇನ್ನೊಂದು ಪರಿಣಾಮವನ್ನೂ ಅರ್ಜಿದಾರರು ಅರಿತಿರುವುದು ಒಳ್ಳೆಯದು. ಕೈಬರಹದ ಪುಸ್ತಕದಲ್ಲಿದ್ದ ತಪ್ಪು ಆ ಪುಸ್ತಕದಲ್ಲಿಯೇ ಉಳಿಯುತ್ತಿತ್ತು. ಈಗ ಒಂದು ನಮೂದಿನ ದೋಷವು ಬ್ಯಾಂಕ್ ಸಾಲ, ಬೆಳೆ ವಿಮೆ, ಪರಿಹಾರ ಧನ ಹೀಗೆ ಪಹಣಿಯನ್ನು ಆಧರಿಸಿದ ಎಲ್ಲ ಕಡೆಗೂ ತಲುಪುತ್ತದೆ. ಅಲ್ಲದೆ ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಪ್ರಕರಣ 133ರಂತೆ, ವಿರುದ್ಧವಾದುದು ರುಜುವಾತಾಗುವವರೆಗೆ ಹಕ್ಕು ದಾಖಲೆಯ ನಮೂದನ್ನು ನಿಜವೆಂದೇ ಭಾವಿಸತಕ್ಕದ್ದು. ಅಂದರೆ ದೋಷವನ್ನು ತೋರಿಸಿಕೊಡುವ ಹೊಣೆ ಬಹುಮಟ್ಟಿಗೆ ಖಾತೆದಾರರ ಮೇಲೆಯೇ ಬೀಳುತ್ತದೆ.

ಆದುದರಿಂದ ಪಹಣಿಯನ್ನು ಪಡೆದ ಕೂಡಲೇ ಓದಿ ನೋಡುವುದು ಅವಶ್ಯಕ. ಕಾಲಂ 3ರಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣವೂ ಕಾಲಂ 9ರಲ್ಲಿ ಖಾತೆದಾರರ ಹೆಸರು ಮತ್ತು ಅವರವರ ವಿಸ್ತೀರ್ಣವೂ ಇರುತ್ತದೆ. ಲೆಕ್ಕದ ಪುಸ್ತಕದ ಎರಡು ಬದಿಗಳಂತೆ ಇವು ತಾಳೆಯಾಗಬೇಕು. ಉದಾಹರಣೆಗೆ, ಕಾಲಂ 3ರಲ್ಲಿ 2 ಎಕರೆ 20 ಗುಂಟೆ ಇದ್ದು, ಕಾಲಂ 9ರ ಮೊತ್ತ 2 ಎಕರೆ 10 ಗುಂಟೆಯಾದಲ್ಲಿ, 10 ಗುಂಟೆ ಯಾರ ಹೆಸರಿನಲ್ಲಿಯೂ ಇಲ್ಲವೆಂದಾಯಿತು. ಇಂತಹ ವ್ಯತ್ಯಾಸವು ಮಾರಾಟ ಅಥವಾ ವಿಭಾಗದ ಸಮಯದಲ್ಲಿ ಬೆಳಕಿಗೆ ಬಂದರೆ ವ್ಯವಹಾರವೇ ನಿಂತುಹೋಗಬಹುದು. ಕಾಲಂ 10ರಲ್ಲಿ ಹಕ್ಕು ಪ್ರಾಪ್ತವಾದ ರೀತಿ, ಕಾಲಂ 11ರಲ್ಲಿ ಋಣಗಳ ವಿವರ ಇರುತ್ತದೆ. ತೀರಿಸಿದ ಸಾಲವು ಕಾಲಂ 11ರಲ್ಲಿ ಹಾಗೆಯೇ ಉಳಿದಿದೆಯೇ ಎಂಬುದನ್ನು ಪರಿಶೀಲಿಸುವುದು.

ದೋಷ ಕಂಡುಬಂದಲ್ಲಿ ತಹಶೀಲ್ದಾರರಿಗೆ ತಿದ್ದುಪಡಿ ಅರ್ಜಿ ಸಲ್ಲಿಸಬಹುದು. ಅರ್ಜಿಯೊಂದಿಗೆ ಹಳೆಯ ಕೈಬರಹದ ಪಹಣಿ ಹಾಗೂ ಸಂಬಂಧಿಸಿದ ಮ್ಯುಟೇಷನ್ ಪ್ರತಿಯ ದೃಢೀಕೃತ ನಕಲುಗಳಿದ್ದಲ್ಲಿ ಪರಿಶೀಲನೆ ಸುಲಭವಾಗುತ್ತದೆ. ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆಯನ್ನು 2024ರಲ್ಲಿ ಕೈಗೆತ್ತಿಕೊಳ್ಳಲಾಗಿದೆ. ಮ್ಯುಟೇಷನ್ ಆದೇಶದಿಂದಲೇ ಬಾಧಿತರಾದವರು ಪ್ರಕರಣ 136ರಡಿ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸತಕ್ಕದ್ದು.